ಕೂದಲು ಉದುರಿದ ಜಾಗಕ್ಕೆ ಕಂಡದ್ದನ್ನೆಲ್ಲ ಹಚ್ಚಬೇಡಿ



ಸುಳಿ ಕೊಳೆತ ತೆಂಗಿನ ಮರಕ್ಕೆ ಎಷ್ಟು ಗೊಬ್ಬರ ಹಾಕಿದರೂ ಹೊಸ ಗರಿ ಬಾರದು. ಬಸ್ತಿಹಳ್ಳಿಯಿಂದ ಅರಸೀಕೆರೆಯವರೆಗಿನ ತೋಟಗಾರರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ತಲೆಗೂದಲಿನ ಸಂಗತಿಯೂ ಹಾಗೆಯೇ. ಜ್ವರ ಬಂದು ಹೋದ ಮೇಲೆ ಅಥವಾ ಬಾಣಂತನದಲ್ಲಿ ಉದುರಿದ ಕೂದಲು ಸಾಮಾನ್ಯವಾಗಿ ಮತ್ತೆ ಬೆಳೆಯುತ್ತದೆ. ಅದರ ಬುಡಕ್ಕೆ ಜೀವವಿರುತ್ತದೆ. ಆದರೆ ಇನ್ನೊಂದು ಬಗೆಯಲ್ಲಿ ಉರಿಯೂತದಿಂದ ಬುಡವೇ ಹಾಳಾಗಿ, ಆ ಜಾಗ ಗಾಯದ ಕಲೆಯಂತೆ ಗಟ್ಟಿಯಾಗುತ್ತದೆ. ಅಲ್ಲಿ ಮತ್ತೆ ಕೂದಲು ಹುಟ್ಟುವುದಿಲ್ಲ.

ಇದರ ಗುರುತುಗಳೇನು? ಬೋಳಾದ ಜಾಗ ನುಣುಪಾಗಿ ಹೊಳೆಯುತ್ತದೆ. ಕೂದಲಿನ ರಂಧ್ರಗಳೇ ಕಾಣುವುದಿಲ್ಲ. ಅಂಚಿನಲ್ಲಿ ಕೆಂಪು, ಹೊಟ್ಟು, ತುರಿಕೆ ಅಥವಾ ಉರಿ ಇರಬಹುದು. ಮುಟ್ಟು ನಿಂತ ಕೆಲವು ಹೆಂಗಸರಲ್ಲಿ ಹಣೆಯ ಮೇಲಿನ ಕೂದಲು ಹಿಂದೆ ಸರಿಯುತ್ತ, ಹುಬ್ಬೂ ತೆಳುವಾಗುತ್ತದೆ.

ಇಂಥವರು ಬೋಳು ಕಾಣದಿರಲೆಂದು ಬಣ್ಣ, ಸುವಾಸನೆಯ ಎಣ್ಣೆ, ಶಾಂಪೂ ಎಂದು ಒಂದರ ಮೇಲೊಂದು ಹಚ್ಚುವುದು ಸಹಜ. ತೊಂದರೆ ಹೆಚ್ಚುವುದು ಇಲ್ಲಿಯೇ. ಕಾಂಗ್ರೆಸ್ ಗಿಡ ಮುಟ್ಟಿದವರಲ್ಲಿ ಕೆಲವರಿಗಷ್ಟೇ ಮೈ ತುರಿಸುವುದನ್ನು ತಾವು ನೋಡಿದ್ದೀರಿ. ವರ್ಷಗಟ್ಟಲೆ ಕಿತ್ತರೂ ಏನೂ ಆಗದವರಿಗೆ ಒಂದು ದಿನ ಶುರುವಾಗುತ್ತದೆ. ಆಮೇಲೆ ಸೋಕಿದಾಗಲೆಲ್ಲ ಬರುತ್ತದೆ. ಹಚ್ಚುವ ವಸ್ತುಗಳ ಅಲರ್ಜಿಯೂ ಇದೇ ರೀತಿಯದು. ‘ಹತ್ತು ವರ್ಷದಿಂದ ಹಚ್ಚುತ್ತಿದ್ದೇನೆ, ಏನೂ ಆಗಿಲ್ಲ’ ಎಂಬ ಮಾತನ್ನು ನೆಚ್ಚಬೇಡಿ.

ಮುಖ್ಯವಾಗಿ ಎಚ್ಚರ ವಹಿಸಬೇಕಾದವು ಇವು:

1. ಕೂದಲಿನ ಕಪ್ಪು ಬಣ್ಣ. ಇದರಲ್ಲಿ ಪಿ.ಪಿ.ಡಿ. ಎಂಬ ರಾಸಾಯನಿಕವಿರುತ್ತದೆ. ಬೇಗ ಕಪ್ಪಾಗಿಸುವ ಮೆಹಂದಿ ಪುಡಿಗೂ ಇದನ್ನು ಬೆರೆಸುವುದುಂಟು. ಅಲರ್ಜಿಯಾದರೆ ಮುಖ, ಕಣ್ಣು ಊದಿಕೊಳ್ಳಬಹುದು.
2. ಎಣ್ಣೆ, ಶಾಂಪೂಗಳ ಸುವಾಸನೆ, ಮತ್ತು ಅವು ಕೆಡದಂತೆ ಸೇರಿಸುವ ವಸ್ತುಗಳು.
3. ಬೈತಲೆಗೂ ಹಣೆಗೂ ಇಡುವ ಪೇಟೆಯ ಕುಂಕುಮದ ಕೃತಕ ಬಣ್ಣ. ಅಂಟಿಸುವ ಬೊಟ್ಟಿನ ಅಂಟು.
4. ‘ಹುಳ ತಿಂದಿದೆ’ ಎಂದು ಉಜ್ಜುವ ಬೆಳ್ಳುಳ್ಳಿ. ಇದು ಚರ್ಮವನ್ನು ಸುಡುತ್ತದೆ.

ಯಾವುದು ಒಗ್ಗುವುದಿಲ್ಲವೆಂದು ತಿಳಿಯಲು ಚರ್ಮವೈದ್ಯರು ಪ್ಯಾಚ್ ಪರೀಕ್ಷೆ ಮಾಡುತ್ತಾರೆ. ಶಂಕೆಯಿರುವ ವಸ್ತುಗಳನ್ನು ಸ್ವಲ್ಪ ಸ್ವಲ್ಪ ಬೆನ್ನಿಗೆ ಅಂಟಿಸಿ, 48 ಗಂಟೆಗಳ ನಂತರ ತೆಗೆದು ನೋಡುತ್ತಾರೆ. ಒಂದೆರಡು ದಿನ ಬಿಟ್ಟು ಮತ್ತೊಮ್ಮೆ ನೋಡುತ್ತಾರೆ. ಸೂಜಿ ಚುಚ್ಚುವುದಿಲ್ಲ. ಅಷ್ಟು ದಿನ ಬೆನ್ನು ನೆನೆಯಬಾರದು, ಬೆವರಬಾರದು. ಆದ್ದರಿಂದ ನಾಟಿ, ಕೊಯ್ಲಿನ ಕೆಲಸವಿಲ್ಲದ ವಾರವನ್ನು ಆರಿಸಿಕೊಳ್ಳಿ. ಮನೆಯಲ್ಲಿ ಬಳಸುವ ಎಲ್ಲ ಬಾಟಲಿ, ಪೊಟ್ಟಣಗಳನ್ನೂ ಜೊತೆಗೆ ಒಯ್ಯಿರಿ.

ಒಂದು ಮಾತನ್ನು ಸ್ಪಷ್ಟವಾಗಿ ತಿಳಿಯಿರಿ. ಈ ಕೂದಲುದುರುವಿಕೆಗೆ ಅಲರ್ಜಿಯೇ ಮೂಲ ಕಾರಣವೆಂದು ಸಿದ್ಧವಾಗಿಲ್ಲ. ಒಗ್ಗದ ವಸ್ತುವನ್ನು ಬಿಟ್ಟರೆ ತುರಿಕೆ, ಕೆಂಪು ತಗ್ಗಬಹುದು. ಹೋದ ಕೂದಲು ಬಾರದು. ರೋಗ ಹರಡದಂತೆ ವೈದ್ಯರು ಕೊಟ್ಟ ಔಷಧಿಯನ್ನು ನಡುವೆ ನಿಲ್ಲಿಸಬಾರದು.

ಆದಕಾರಣ, ತಲೆಯಲ್ಲಿ ನುಣುಪಾದ ಬೋಳು ಕಂಡ ಕೂಡಲೇ ನಾಚಿಕೆಪಟ್ಟು ಸೆರಗು, ರುಮಾಲಿನಲ್ಲಿ ಮುಚ್ಚಿಡಬೇಡಿ. ಮೊದಲು ಹತ್ತಿರದ ಆರೋಗ್ಯ ಕೇಂದ್ರಕ್ಕೆ, ಅಲ್ಲಿಂದ ಹಾಸನದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆಗೆ ಹೋಗಿ ತೋರಿಸಿರಿ. ಹೋದದ್ದು ಹೋಯಿತು, ಉಳಿದ ಕೂದಲನ್ನು ಉಳಿಸಿಕೊಳ್ಳುವುದು ಬೇಗ ಹೊರಟವರಿಗೆ ಸಾಧ್ಯ.