ತೂತು ಕಾಸಿಗೆ ಲಕ್ಷ ರೂಪಾಯಿಯೇ? ಫೀ ಕಟ್ಟುವ ಮುಂಚೆ ಓದಿ!

ಮುಳಬಾಗಿಲಿನಿಂದ ಕುರುಡುಮಲೆಗೆ ಹೋಗುವ ಬಸ್ಸಿನಲ್ಲಿ ಒಂದು ಕಿವಿ ಕೊಟ್ಟು ಕೂತರೆ ಸಾಕು, ಯಾರ ಬಾಯಲ್ಲಾದರೂ ಈ ಸುದ್ದಿ ಬಂದೇ ಬರುತ್ತದೆ. ವೈಷ್ಣೋದೇವಿ ಚಿತ್ರದ 5 ರೂಪಾಯಿ ಬಿಲ್ಲೆಗೆ ಲಕ್ಷಗಟ್ಟಲೆ ಕೊಡ್ತಾರಂತೆ, ಟ್ರಾಕ್ಟರ್ ಇರೋ 5 ರೂಪಾಯಿ ನೋಟಿಗೆ ಇನ್ನೂ ಜಾಸ್ತಿಯಂತೆ! ಎಲ್ಲ 'ಅಂತೆ'ಗಳೇ. ಕೊಟ್ಟವರನ್ನು ಕಂಡವರು ಮಾತ್ರ ಸಿಕ್ಕುವುದಿಲ್ಲ.

ವೈಷ್ಣೋದೇವಿ ಬಿಲ್ಲೆ ಹೊರಬಂದದ್ದು 2012ರಲ್ಲಿ. ಗಣಪತಿ ಗುಡಿಯ ಮುಂದೆ ಕಾಯಿ ಕರ್ಪೂರ ಮಾರುವವರ ಚಿಲ್ಲರೆ ಡಬ್ಬಿಯಲ್ಲೂ ಸಿಕ್ಕಬಹುದಾದ ಬಿಲ್ಲೆಗೆ ಲಕ್ಷ ಯಾಕೆ ಕೊಟ್ಟಾರು ಸ್ವಾಮಿ? ಆಟ ಇರುವುದೇ ಬೇರೆ ಕಡೆ. ಫೋಟೋ ಕಳಿಸಿ ಅಂತಾರೆ. ಕಳಿಸಿದರೆ "ನಿಮ್ಮ ಕಾಸು ಪಾಸಾಯ್ತು, ನೋಂದಣಿ ಫೀ ಕಟ್ಟಿ" ಅಂತಾರೆ. ಆಮೇಲೆ ತೆರಿಗೆ, ಆಮೇಲೆ ಕಮಿಷನ್ನು. ಕೈಯಲ್ಲಿದ್ದ ದುಡ್ಡೂ ಹೋಯಿತು. ಇದಕ್ಕೆ ರಿಸರ್ವ್ ಬ್ಯಾಂಕಿನ ಹೆಸರನ್ನೂ ಎಳೆದು ತಂದಾಗ, 2021ರ ಆಗಸ್ಟ್‌ನಲ್ಲಿ ಬ್ಯಾಂಕೇ ಪ್ರಕಟಣೆ ಕೊಟ್ಟಿತು: ಹಳೇ ನೋಟು ನಾಣ್ಯದ ವ್ಯಾಪಾರ ನಮ್ಮದಲ್ಲ, ಕಮಿಷನ್ ಕೇಳೋದಿಲ್ಲ, ಕೇಳಲು ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂದು.

ಹಾಗಂತ ಅಜ್ಜಿಯ ಗಂಟಿನಲ್ಲಿರುವುದೆಲ್ಲ ಗುಜರಿ ಎಂದಲ್ಲ. ರಾಜ ರಾಣಿಯರ ಮುಖದ ಬೆಳ್ಳಿ ರೂಪಾಯಿ ಇದ್ದರೆ ಇಸವಿ ನೋಡಿ. 1939ರವರೆಗಿನದು 11.66 ಗ್ರಾಂ ತೂಗುತ್ತದೆ, ನೂರಕ್ಕೆ 91 ಪಾಲಿಗೂ ಮೇಲೆ ಬೆಳ್ಳಿ. ಇವತ್ತಿನ ದರದಲ್ಲಿ ಬೆಳ್ಳಿಯ ಬೆಲೆಯೇ ಸಾವಿರ ದಾಟುತ್ತದೆ. ಯುದ್ಧ ಬಂತು, ಬೆಳ್ಳಿ ಸಾಲದಾಯಿತು, 1940ರಿಂದ 45ರ ತನಕದ ರೂಪಾಯಿಯಲ್ಲಿ ಅರ್ಧ ಮಾತ್ರ ಬೆಳ್ಳಿ. 1947ರದು ಬರೀ ನಿಕ್ಕಲ್. ನೋಡೋಕೆ ಅಣ್ಣತಮ್ಮಂದಿರು, ಬೆಲೆಯಲ್ಲಿ ಆಕಾಶ ಭೂಮಿ. ಚಿನಿವಾರರ ಅಂಗಡಿಗೆ ಹೋಗುವ ಮುಂಚೆ ಇಷ್ಟು ತಿಳಿದಿದ್ದರೆ ಮೋಸ ಕಡಿಮೆ.

ತೂತು ಕಾಸಿನ ಕಥೆ ಬೇರೆ. 1943ರಿಂದ 47ರ ತನಕ ಟಂಕಿಸಿದ ಕಂಚಿನ ಕಾಸು. ವಯಸ್ಸಾಗಿದೆ ನಿಜ, ಆದರೆ ಲೆಕ್ಕವಿಲ್ಲದಷ್ಟು ಹೊಡೆದಿದ್ದಾರೆ. ಎಲ್ಲರ ಮನೆಯಲ್ಲೂ ಇರುವುದಕ್ಕೆ ಯಾರು ದುಡ್ಡು ಸುರಿಯುತ್ತಾರೆ? ಹಳೆಯದಾದರೆ ಸಾಲದು, ಅಪರೂಪವಾಗಬೇಕು, ಬೇಕೆನ್ನುವವನೂ ಇರಬೇಕು. ಇಸವಿಯ ಕೆಳಗಿನ ಗುರುತು ನೋಡಿ ಯಾವ ಟಂಕಸಾಲೆ ಎಂದು ಹೇಳುವ ಶೋಕಿಯವರಿದ್ದಾರೆ: ಈಗಿನ ನಾಣ್ಯದಲ್ಲಿ ನಕ್ಷತ್ರ ಇದ್ದರೆ ಹೈದರಾಬಾದು, ಚುಕ್ಕೆ ಇದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕಲ್ಕತ್ತ. ಒಂದೇ ಇಸವಿಯ ಎರಡು ಬಿಲ್ಲೆಗೆ ಬೆಲೆ ಬೇರೆಯಾಗುವುದು ಇಂಥದ್ದರಿಂದಲೇ.

ಇನ್ನೊಂದು ಮಾತು, ನಮ್ಮ ಹೆಂಗಸರು ಬೈದರೂ ಪರವಾಗಿಲ್ಲ. ಹಳೇ ಕಾಸನ್ನು ದೇವರ ಸಾಮಾನಿನಂತೆ ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಫಳಫಳ ಹೊಳೆಯುತ್ತದೆ, ಬೆಲೆ ಬಿದ್ದುಹೋಗುತ್ತದೆ. ಸಂಗ್ರಹಕಾರರಿಗೆ ಬೇಕಾದದ್ದು ಆ ಹಳೇ ಬಣ್ಣವೇ.

ಕಾಸೊಂದೇ ಅಲ್ಲ. ಕೆಜಿಎಫ್ ಗಣಿ ನಡೆಯುತ್ತಿದ್ದಾಗ ಗಣಿಯ ದೀಪ ದುಡಿಮೆಯ ಸಾಮಾನು. 2001ರಲ್ಲಿ ಗಣಿ ಮುಚ್ಚಿದ ಮೇಲೆ ಅದೇ ದೀಪ ನೆನಪಿನ ವಸ್ತು. ಇನ್ನು ಹೊಸದು ಬರುವುದಿಲ್ಲವಲ್ಲ! ಅಟ್ಟದ ಮೇಲೆ ಇದ್ದವರು ಕೆಜಿ ಲೆಕ್ಕದಲ್ಲಿ ಹಾಕುವ ಮುಂಚೆ ಒಂದು ಸಲ ಯೋಚಿಸಲಿ.

ಮನೆಯ ಗಂಟಿನದು ನಿಮ್ಮದು, ಮಾರಿ, ಇಟ್ಟುಕೊಳ್ಳಿ. ಆದರೆ ಕುರುಡುಮಲೆಯಂಥ ಹಳೇ ಗುಡಿಗಳ ಊರಿನಲ್ಲಿ ನೇಗಿಲಿಗೆ ನಾಣ್ಯದ ಮಡಕೆ ಸಿಕ್ಕರೆ ಮಾತು ಬೇರೆ. ಅದು ನಿಧಿ. ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು ಕಾನೂನು ಇದೆ. ಬಚ್ಚಿಟ್ಟರೆ ಜೈಲು.