ಮೊದಲ ಪೀಸು ಯಾರ ಪಾಲಿಗೆ?

ಬೆಂಗಳೂರಿನ ಗೊರಗುಂಟೆಪಾಳ್ಯದ ವೃತ್ತದಲ್ಲಿ ನೀವು ಒಮ್ಮೆಯಾದರೂ ಬಸ್ಸಿಗಾಗಿ ಕಾದಿರಬಹುದು. ಅಲ್ಲಿಂದ ತುಮಕೂರು ರಸ್ತೆ ಹಿಡಿದರೆ ಪೀಣ್ಯದ ಕಾರ್ಖಾನೆಗಳು. ವರ್ತುಲ ರಸ್ತೆಯಲ್ಲಿ ಹೆಬ್ಬಾಳದ ಕಡೆ ಹೊರಟರೆ ಬಿಇಎಲ್ ವೃತ್ತ. ನಾನು ಬೆಳೆದದ್ದು ಇಲ್ಲಿಯೇ. ನನ್ನ ತಂದೆ ಪೀಣ್ಯದ ಒಂದು ವರ್ಕ್‌ಶಾಪಿನಲ್ಲಿ ಲೇತ್ ಯಂತ್ರದ ಮೇಲೆ ಕೆಲಸ ಮಾಡುತ್ತಿದ್ದರು.

2003ರಲ್ಲಿ ನನ್ನ ಮೊದಲ ಸಂಬಳದ ಬಹುಪಾಲನ್ನು ಸುರಿದು ಅಂಗೈಯಗಲದ ಒಂದು ಎಂಪಿ3 ಪ್ಲೇಯರ್ ಕೊಂಡೆ. ಆ ಕಂಪನಿಯ ಮೊಟ್ಟಮೊದಲ ಮಾಡೆಲ್ ಅದು. ನಾಲ್ಕು ತಿಂಗಳಿಗೆ ಬ್ಯಾಟರಿ ಚಾರ್ಜ್ ಹಿಡಿಯುವುದನ್ನು ನಿಲ್ಲಿಸಿತು. ರಿಪೇರಿಗೆ ಒಯ್ದರೆ, “ಆ ಮಾಡೆಲ್ ನಿಂತುಹೋಯ್ತು ಸಾರ್, ಸ್ಪೇರ್ ಬರಲ್ಲ” ಎಂದರು. ಅದೇ ಅಂಗಡಿಯ ಗಾಜಿನ ಕಪಾಟಿನಲ್ಲಿ ಎರಡನೆಯ ಮಾಡೆಲ್ ಕುಳಿತಿತ್ತು. ಬೆಲೆ ಕಡಿಮೆ, ಬ್ಯಾಟರಿ ಬದಲಿಸಲು ಬರುವಂಥದ್ದು! ಮನೆಗೆ ಬಂದು ಗೊಣಗಿದಾಗ ತಂದೆ ನಕ್ಕು ಹೇಳಿದರು: “ಹೊಸ ಸೆಟ್ಟಿಂಗ್ ಮಾಡಿದಾಗ ಬರೋ ಮೊದಲ ಪೀಸನ್ನ ನಾವು ಗಿರಾಕಿಗೆ ಕಳಿಸೋದಿಲ್ಲ ಕಣೋ. ಅಳತೆ ನೋಡಿ ಪಕ್ಕಕ್ಕೆ ಇಡ್ತೀವಿ. ನಿನಗೆ ಅದನ್ನೇ ಮಾರಿದ್ದಾರೆ.”

ಆ ಮಾತಿನಲ್ಲಿ ಒಂದು ಪಾಠವೇ ಅಡಗಿದೆ. ಬನ್ನಿ, ಅದನ್ನು ಬಿಡಿಸಿ ನೋಡೋಣ.

ದೋಷ ಎಲ್ಲಿಂದ ಬರುತ್ತದೆ?

ಹೊಸ ವಸ್ತುವಿನಲ್ಲಿ ಎರಡು ಬಗೆಯ ದೋಷಗಳಿರುತ್ತವೆ. ಒಂದು, ತಯಾರಿಕೆಯ ದೋಷ: ಎಲ್ಲೋ ಬೆಸುಗೆ ಸರಿಯಾಗಿಲ್ಲ, ಯಾವುದೋ ಬಿಡಿಭಾಗ ದುರ್ಬಲವಾಗಿದೆ. ಇಂಥವು ಸಾಮಾನ್ಯವಾಗಿ ಬಳಕೆಯ ಆರಂಭದಲ್ಲೇ ಕೈಕೊಡುತ್ತವೆ. ಆದ್ದರಿಂದ ಕಾರ್ಖಾನೆಯಲ್ಲಿಯೇ ಉಪಕರಣವನ್ನು ಗಂಟೆಗಟ್ಟಲೆ ಚಾಲೂ ಇಟ್ಟು, ಕೆಟ್ಟದ್ದನ್ನು ಬೇರ್ಪಡಿಸುವ ಪದ್ಧತಿ ಇದೆ.

ಇನ್ನೊಂದು, ವಿನ್ಯಾಸದ ದೋಷ. ಇದು ಒಂದು ಪೀಸಿನಲ್ಲಲ್ಲ, ಎಲ್ಲ ಪೀಸುಗಳಲ್ಲಿಯೂ ಇರುತ್ತದೆ. ಪ್ರಯೋಗಾಲಯದಲ್ಲಿ ಹತ್ತು ಮಂದಿ ಎಚ್ಚರದಿಂದ ಬಳಸಿದಾಗ ಕಾಣದ ತಪ್ಪು, ಹತ್ತು ಸಾವಿರ ಮಂದಿ ಧೂಳಿನಲ್ಲಿ, ಬಿಸಿಲಿನಲ್ಲಿ, ಬೆವರಿದ ಕೈಗಳಲ್ಲಿ ಬಳಸಿದಾಗ ಕಾಣುತ್ತದೆ. ಅಂದರೆ ಮೊದಲು ಕೊಂಡವರೇ ಪರೀಕ್ಷಕರು. ಸಂಬಳ ಪಡೆಯುವ ಬದಲು ಹಣ ತೆತ್ತು ಪರೀಕ್ಷಿಸುವವರು!

ಬೆಲೆ ಏಕೆ ಹೆಚ್ಚು?

ಅಮೆರಿಕದ ವಿಮಾನ ಎಂಜಿನಿಯರ್ ಥಿಯೊಡೋರ್ ರೈಟ್ 1936ರಲ್ಲಿ ಒಂದು ಸ್ವಾರಸ್ಯದ ನಿಯಮವನ್ನು ಪ್ರಕಟಿಸಿದರು. ತಯಾರಾದ ವಿಮಾನಗಳ ಒಟ್ಟು ಸಂಖ್ಯೆ ಇಮ್ಮಡಿಯಾದಾಗಲೆಲ್ಲ, ಒಂದೊಂದಕ್ಕೆ ತಗಲುವ ಸರಾಸರಿ ಶ್ರಮ ಸುಮಾರು ಶೇ. 20ರಷ್ಟು ಇಳಿಯುತ್ತದೆ. ನೀವೇ ಲೆಕ್ಕ ಹಾಕಿ. ಮೊದಲನೆಯದಕ್ಕೆ 100 ಗಂಟೆ ಹಿಡಿದರೆ, ಎರಡಾದಾಗ ಸರಾಸರಿ 80, ನಾಲ್ಕಾದಾಗ 64, ಎಂಟಾದಾಗ ಸುಮಾರು 51. ಕೈ ಪಳಗಿದಂತೆ ಖರ್ಚು ಇಳಿಯುತ್ತದೆ. ಕೈ ಪಳಗುವ ಖರ್ಚನ್ನು ತೆರುವವನು ಮೊದಲ ಗಿರಾಕಿ.

ಇದು ದೊಡ್ಡ ಕಂಪನಿಗಳಿಗೂ ತಪ್ಪಿದ್ದಲ್ಲ. 2007ರ ಜೂನ್ 29ರಂದು ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಮೊದಲ ಐಫೋನಿನ 8 ಜಿಬಿ ಮಾದರಿಗೆ 599 ಡಾಲರ್. ಸೆಪ್ಟೆಂಬರ್ ಮೊದಲ ವಾರದಲ್ಲಿ ಅದು 399 ಡಾಲರಿಗೆ ಇಳಿಯಿತು. ಮೊದಲೇ ಕೊಂಡವರು ಸಿಟ್ಟಾದರು. ಕಂಪನಿ ಅವರಿಗೆ 100 ಡಾಲರ್ ಮೌಲ್ಯದ ಖರೀದಿ ರಿಯಾಯಿತಿ ನೀಡಬೇಕಾಯಿತು.

ನಮ್ಮ ನೆರೆಯ ಎರಡು ಕಥೆಗಳು

ಬೆಂಗಳೂರಿನ ಸಿಂಪ್ಯೂಟರ್ ಹೆಸರು ಕೇಳಿದ್ದೀರಾ? ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಸಂಸ್ಥೆಯ ತಂತ್ರಜ್ಞರು ಸೇರಿ ರೂಪಿಸಿ, 2001ರಲ್ಲಿ ತೋರಿಸಿದ ಅಂಗೈ ಕಂಪ್ಯೂಟರ್ ಅದು. ಓದಲು ಬಾರದವರಿಗೂ ಕನ್ನಡದಲ್ಲಿ ಓದಿ ಹೇಳಬೇಕು, ಒಂದೇ ಯಂತ್ರವನ್ನು ಹಳ್ಳಿಯ ಹಲವರು ತಮ್ಮ ತಮ್ಮ ಸ್ಮಾರ್ಟ್ ಕಾರ್ಡ್ ತೂರಿಸಿ ಬಳಸಬೇಕು ಎಂಬುದು ಆಶಯ. ಸುಮಾರು 9 ಸಾವಿರ ರೂಪಾಯಿಗೆ ಕೊಡುವ ಗುರಿಯಿತ್ತು. ಜಾಲಹಳ್ಳಿಯ ಬಿಇಎಲ್, ಪಿಕೊಪೆಟ ಸಂಸ್ಥೆಯೊಡನೆ ಸೇರಿ 2004ರಲ್ಲಿ ಅಮಿಡ ಎಂಬ ಹೆಸರಿನಲ್ಲಿ ಅದನ್ನು ಮಾರುಕಟ್ಟೆಗೆ ತಂದಾಗ ಬೆಲೆ ಸುಮಾರು 10 ಸಾವಿರದಿಂದ 20 ಸಾವಿರ ರೂಪಾಯಿ. ಲಕ್ಷಗಟ್ಟಲೆ ಮಾರಾಟವಾಗದೆ ಬೆಲೆ ಇಳಿಯದು. ಬೆಲೆ ಇಳಿಯದೆ ಮಾರಾಟವಾಗದು. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆಯ ಸ್ಥಿತಿ. ಅಷ್ಟರಲ್ಲಿ ಮೊಬೈಲ್ ಫೋನುಗಳು ಅಗ್ಗವಾದವು. ಸಿಂಪ್ಯೂಟರಿಗೆ ಮನೆಮಾತಾಗುವ ಭಾಗ್ಯ ಬರಲಿಲ್ಲ. ಆದರೆ ಅಂಗೈಯ ಯಂತ್ರ ನಮ್ಮ ಭಾಷೆಯಲ್ಲಿ ಮಾತನಾಡಬೇಕೆಂಬ ಅದರ ಆಶಯ ಸುಳ್ಳಾಯಿತೇ? ಇಂದು ನಿಮ್ಮ ಜೇಬಿನಲ್ಲಿರುವ ಫೋನನ್ನು ಕೇಳಿ ನೋಡಿ.

ಎರಡನೆಯ ಕಥೆ ಪೀಣ್ಯದ್ದು. ಭಾರತದ ಮೊದಲ ಉಪಗ್ರಹ ‘ಆರ್ಯಭಟ’ ಸಿದ್ಧವಾದದ್ದು ಯು.ಆರ್. ರಾವ್ ಅವರ ನೇತೃತ್ವದಲ್ಲಿ, ಪೀಣ್ಯ ಕೈಗಾರಿಕಾ ಪ್ರದೇಶದ ಶೆಡ್ಡುಗಳಲ್ಲಿ. 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ ಅದನ್ನು ಕಕ್ಷೆಗೆ ಸೇರಿಸಿತು. ಕೆಲವೇ ದಿನಗಳಲ್ಲಿ ವಿದ್ಯುತ್ ಪೂರೈಕೆಯ ದೋಷದಿಂದ ಅದರ ವೈಜ್ಞಾನಿಕ ಪ್ರಯೋಗಗಳು ನಿಂತವು. ಆದರೂ ಉಪಗ್ರಹದೊಡನೆ ಸಂಪರ್ಕ ಉಳಿದಿತ್ತು. ಉಪಗ್ರಹವನ್ನು ಕಟ್ಟುವ, ನಡೆಸುವ ವಿದ್ಯೆ ನಮ್ಮವರಿಗೆ ದಕ್ಕಿತು. 1979ರಲ್ಲಿ ‘ಭಾಸ್ಕರ’ ಮೇಲೇರಿತು.

ಈಗ ಹೋಲಿಸಿ ನೋಡಿ. ಆರ್ಯಭಟದ ಖರ್ಚು ಕಲಿಕೆಗೆಂದು ತಿಳಿದೇ ಮಾಡಿದ ಖರ್ಚು. ಎಂಪಿ3 ಪ್ಲೇಯರಿಗೆ ನಾನು ತೆತ್ತದ್ದೂ ಕಲಿಕೆಯ ಖರ್ಚೇ. ಆದರೆ ಕಲಿತದ್ದು ಕಂಪನಿ, ತೆತ್ತದ್ದು ನಾನು. ಅದು ನನಗೆ ಮೊದಲೇ ತಿಳಿದಿರಲಿಲ್ಲ.

ಹಾಗಾದರೆ ಏನು ಮಾಡಬೇಕು?

ಹೊಸತನ್ನು ಕೊಳ್ಳಲೇಬೇಡಿ ಎಂದು ನಾನು ಹೇಳುವುದಿಲ್ಲ. ಯಾರೂ ಮೊದಲನೆಯದನ್ನು ಕೊಳ್ಳದಿದ್ದರೆ ಎರಡನೆಯದು ಹುಟ್ಟುವುದೇ ಇಲ್ಲ. ಆದರೆ ಆ ಹಣ ನಿಮ್ಮ ಪರೀಕ್ಷಾ ಶುಲ್ಕದ್ದೋ, ಅಪ್ಪ ಓವರ್‌ಟೈಮ್ ಮಾಡಿ ಕೂಡಿಟ್ಟದ್ದೋ ಆಗಿದ್ದರೆ, ಆರು ತಿಂಗಳು ಕಾಯಿರಿ. ಕೊಳ್ಳುವ ಮುನ್ನ ಮೂರು ಪ್ರಶ್ನೆ ಕೇಳಿ. ಬ್ಯಾಟರಿ ಬದಲಿಸಬಹುದೇ? ರಿಪೇರಿ ನಮ್ಮ ಊರಿನಲ್ಲಿ ಆಗುತ್ತದೆಯೇ? ಕಂಪನಿ ಮಾಡೆಲ್ ನಿಲ್ಲಿಸಿದರೆ ಈ ವಸ್ತು ಕೆಲಸ ಮಾಡುತ್ತದೆಯೇ?

ಬಿಲ್ಲನ್ನು ಜೋಪಾನವಾಗಿಡಿ. ‘ಹೊಸ ಮಾಡೆಲ್, ಹೀಗೆಲ್ಲ ಆಗುತ್ತೆ’ ಎಂಬುದು ಕಾನೂನಿನ ಮುಂದೆ ಉತ್ತರವಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ, ವಸ್ತುವಿನಲ್ಲಿ ದೋಷವಿದ್ದರೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. 2003ರಲ್ಲಿಯೂ ಗ್ರಾಹಕರಿಗಾಗಿ 1986ರ ಕಾಯಿದೆ ಇತ್ತು. ನಾನು ಮಾತ್ರ ಬಿಲ್ಲನ್ನು ಡಬ್ಬದ ಜೊತೆ ಎಸೆದಿದ್ದೆ.

ಮುಂದೆ ನಿಮ್ಮಲ್ಲಿ ಕೆಲವರು ಯಂತ್ರಗಳನ್ನು ಕೊಳ್ಳುವವರಷ್ಟೇ ಅಲ್ಲ, ಮಾಡುವವರೂ ಆಗುತ್ತೀರಿ. ಆಗ ಲೇತ್ ಯಂತ್ರದ ಮುಂದಿನ ಆ ನಿಯಮ ನೆನಪಿರಲಿ: ಮೊದಲ ಪೀಸನ್ನು ಅಳತೆ ನೋಡಿ ಪಕ್ಕಕ್ಕಿಡಿ. ಗಿರಾಕಿಯ ಮನೆಯಲ್ಲೂ ಮೊದಲ ಸಂಬಳ ಪಡೆದ ಒಬ್ಬ ಹುಡುಗನಿರಬಹುದು.