ಒಂದೇ ಬಾರಿ ಬರುವ ಅವಕಾಶ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳ ಹಳ್ಳಿ ಶಾಲೆಗಳಲ್ಲಿ ಎಲ್ಲರಿಗಿಂತ ಮೊದಲೇ ಲೆಕ್ಕ ಮುಗಿಸಿ ಸುಮ್ಮನೆ ಕುಳಿತಿರುವ ಮಗುವನ್ನು ನಾವೆಲ್ಲರೂ ಕಂಡಿದ್ದೇವೆ. ಅಂತಹ ಗ್ರಾಮೀಣ ಪ್ರತಿಭೆಗಳಿಗಾಗಿಯೇ 1986ರ ರಾಷ್ಟ್ರೀಯ ಶಿಕ್ಷಣ ನೀತಿಯು ನವೋದಯ ವಿದ್ಯಾಲಯಗಳಿಗೆ ದಾರಿ ತೆರೆಯಿತು. ಊಟ, ವಸತಿ ಉಚಿತ, ಕನಿಷ್ಠ ಶೇ. 75ರಷ್ಟು ಸ್ಥಾನಗಳು ಗ್ರಾಮೀಣ ಮಕ್ಕಳಿಗೆ. ಐದನೆಯ ತರಗತಿಯಲ್ಲಿ ಓದುವಾಗ ಬರೆಯುವ ಈ ಪ್ರವೇಶ ಪರೀಕ್ಷೆಯನ್ನು ಕನ್ನಡದಲ್ಲಿಯೂ ಬರೆಯಬಹುದು. ಆದರೆ ಎರಡನೆಯ ಬಾರಿ ಬರೆಯುವಂತಿಲ್ಲ.

ಆದುದರಿಂದ ಉಪಾಧ್ಯಾಯರಲ್ಲಿ ನಮ್ಮ ಬಿನ್ನಹವಿಷ್ಟೆ: ನಾಲ್ಕನೆಯ ತರಗತಿಯಲ್ಲಿಯೇ ಆ ಮಗುವನ್ನು ಗುರುತಿಸಿರಿ. ಅದೇ ಲೆಕ್ಕಕ್ಕೆ ಇನ್ನೊಂದು ದಾರಿ ಹುಡುಕಲು ಹೇಳಿರಿ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಬಿಡಿಸಿರಿ. ಶಾಲೆಯ ಪುಸ್ತಕಗಳನ್ನು ಮನೆಗೆ ಕೊಟ್ಟು ಕಳುಹಿಸಿರಿ. ತಂದೆತಾಯಿಗಳೂ ಹೆಣ್ಣುಮಗುವೆಂದು ಹಿಂಜರಿಯಬಾರದು. ಗುರುವಿನ ಕಣ್ಣಿಗೆ ಬೀಳದ ಪ್ರತಿಭೆ ಬೂದಿ ಮುಚ್ಚಿದ ಕೆಂಡವಾಗಿಯೇ ಉಳಿದೀತು.